ಪದಚರ್ಚೆ: ಸ್ಕ್ಯಾನ್ ಮಾಡಿದ ಅಕ್ಷರದ ಅಂಚು ಹಲ್ಲುಹಲ್ಲಾಗಿದ್ದರೆ ಏನನ್ನಬೇಕು?

ಅಕ್ಕಾವ್ರೇ, ಸ್ಕ್ಯಾನ್ ಮಾಡಿದ ಕಪ್ಪು-ಬಿಳುಪು ಅಕ್ಷರದ ಅಂಚು ಹಲ್ಲುಹಲ್ಲಾಗಿ ಕಾಣುವ ದೋಷಕ್ಕೂ ಅದನ್ನು ಸರಿಮಾಡುವ ಬಟನ್‌ಗೂ ನಾಳೆ ಬೆಳಿಗ್ಗೆಯೊಳಗೆ ಪದ ಬೇಕು ಅಂದಿದ್ದೀರಿ. ಸ್ಕ್ಯಾನರ್ ಪಕ್ಕ ಅಂಟಿಸುವ ಹಾಳೆ, ಓದುವವರು ಬೆಳಗಾವಿ ಕಡೆಯ ಹುಡುಗರು. ಇಲ್ಲಿಯವರೆಗೆ ಬಂದ ಉತ್ತರಗಳಲ್ಲಿ ಒಂದೂ ಆ ಹಾಳೆಗೆ ಒಗ್ಗುವುದಿಲ್ಲ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ದೋಷಕ್ಕೆ "ಮುರಗಿ" ಅನ್ನಿ, ಬಟನ್‌ಗೆ "ಅಂಚು ತಿದ್ದು" ಅಂತ ಬರೆಯಿರಿ. ಅವಸರ ಇದ್ದರೆ ಇಷ್ಟು ಸಾಕು, ಕಾರಣ ಆಮೇಲೆ ಓದಿ.

ಅಂಚಿನ ಹಲ್ಲು ಕಾಣದಂತೆ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಆಂಟಿ-ಅಲಿಯಾಸಿಂಗ್ ಅನ್ನುತ್ತಾರೆ, ಅದಕ್ಕೆ "ಪ್ರತ್ಯುಪನಾಮೀಕರಣ" ಎಂದು ಒಬ್ಬರು ಸೂಚಿಸಿದ್ದಾರೆ. ಬೇಡ. "ಮಾರುಹೆಸರುತಡೆ" ಎಂದವರಿಗೆ ಮಾತ್ರ ಸ್ವಲ್ಪ ಹೇಳಬೇಕು, ಯಾಕಂದರೆ ಅವರು ಅಚ್ಚಗನ್ನಡ ಅಂತ ಹೇಳಿ ಇಂಗ್ಲಿಷ್ ಪದವನ್ನೇ ಬಟ್ಟೆ ಬದಲಿಸಿ ತಂದಿದ್ದಾರೆ. ಅಲಿಯಾಸ್ ಅಂದರೆ ಮಾರುಹೆಸರು, ಅಲಿಯಾಸಿಂಗ್ ಎಂಬ ಹೆಸರು ಸಿಗ್ನಲ್ ಅಳೆಯುವವರ ಕಡೆಯಿಂದ ಬಂದದ್ದು. ಅಳತೆ ತೀರಾ ದೂರದೂರ ಆದರೆ ವೇಗದ ಅಲೆಯೊಂದು ನಿಧಾನದ ಅಲೆಯಾಗಿ ತೋರುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ತಾನೆ, ಅದಕ್ಕೇ ಓಡುವ ಗಾಡಿಯ ಚಕ್ರ ಒಮ್ಮೊಮ್ಮೆ ಹಿಂದಕ್ಕೆ ತಿರುಗಿದ ಹಾಗೆ ಕಾಣುವುದು. ಅಲ್ಲಿ ಆ ಹೆಸರಿಗೆ ಅರ್ಥವಿದೆ. ಸ್ಕ್ಯಾನರ್ ಮುಂದೆ ನಿಂತವನಿಗೆ "ಮಾರುಹೆಸರು" ಅಂದರೆ ಏನೂ ಹೊಳೆಯುವುದಿಲ್ಲ.

ಇನ್ನೂ ದೊಡ್ಡ ತೊಡಕು ಬೇರೆ ಇದೆ. ನೀವು ಕೇಳಿದ್ದು ಬರೀ ಕಪ್ಪು-ಬಿಳುಪು ಚಿತ್ರದ ಬಗ್ಗೆ. ಒಂದು ಚುಕ್ಕಿಗೆ (ಪಿಕ್ಸೆಲ್‌ಗೆ) ಒಂದೇ ಬಿಟ್, ಕಪ್ಪು ಇಲ್ಲವೇ ಬಿಳಿ, ನಡುವೆ ಏನೂ ಇಲ್ಲ. ಆಂಟಿ-ಅಲಿಯಾಸಿಂಗ್ ಎಂದು ಎಲ್ಲರೂ ಕರೆಯುವ ಕೆಲಸಕ್ಕೆ ಬೂದು ಬಣ್ಣ ಬೇಕೇ ಬೇಕು: 8 ಬಿಟ್, 256 ಹಂತ, ಗೆರೆ ಚುಕ್ಕಿಯನ್ನು ಎಷ್ಟು ಮುಚ್ಚಿದೆಯೋ ಅಷ್ಟು ಗಾಢ. ಒಂದು ಬಿಟ್‌ನ ಫೈಲಿನಲ್ಲಿ ಅದು ಆಗದ ಮಾತು. ಅಲ್ಲಿ ಮಾಡಲಿಕ್ಕೆ ಇರುವುದು ಒಂದೇ, ಎದ್ದು ನಿಂತ ಕರಿ ಚುಕ್ಕಿ ತೆಗೆಯುವುದು, ಕೊರೆಬಿದ್ದ ಕಡೆ ಕರಿ ಚುಕ್ಕಿ ತುಂಬುವುದು. ಬೂದು ಹಚ್ಚುವುದು, ಹೀಗೆ ಚುಕ್ಕಿ ತೆಗೆದು ತುಂಬುವುದು, ಎರಡೂ ಬೇರೆ ಬೇರೆ ಕೆಲಸ. ಎರಡಕ್ಕೂ "ನಯಗೊಳಿಸು" ಅಂತ ಒಂದೇ ಪದ ಕೊಟ್ಟರೆ ಓದುವವನು ಯಾವುದನ್ನು ಒತ್ತಬೇಕು? ಬೂದು ಹಚ್ಚುವ ಕೆಲಸಕ್ಕೆ "ಬೂದಂಚು" ಇಟ್ಟುಕೊಳ್ಳಿ, ನಿಮ್ಮ ಹಾಳೆಗೆ ಅದು ಬೇಕಾಗುವುದಿಲ್ಲ.

ಈಗ "ಗರಗಸದಂಚು". ನಾಲ್ಕು ಜನ ಇದನ್ನೇ ಹೇಳಿದ್ದಾರೆ, ಯಾರೂ ಚಿತ್ರವನ್ನು ದೊಡ್ಡದು ಮಾಡಿ ನೋಡಿಲ್ಲ ಅನಿಸುತ್ತದೆ. ಒಂದು "ಠ" ತಗೊಳ್ಳಿ, 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿ, ಹಿಗ್ಗಿಸಿ. ದುಂಡು ಓರೆಯಾಗಿ ಇಳಿಯುವ ಕಡೆ ಒಂದು ಚುಕ್ಕಿ ಅಡ್ಡ, ಒಂದು ಚುಕ್ಕಿ ಕೆಳಗೆ, ಹೀಗೆ ಸಣ್ಣ ಸಣ್ಣ ಹೆಜ್ಜೆ, ಕಣ್ಣಿಗೆ ಅಷ್ಟು ಚುಚ್ಚುವುದಿಲ್ಲ. ನೆತ್ತಿಯಲ್ಲಿ, ತಳದಲ್ಲಿ ನೋಡಿ. ಅಲ್ಲಿ ಗೆರೆ ಹೆಚ್ಚುಕಮ್ಮಿ ಮಲಗಿರುತ್ತದೆ, ಆರೇಳು ಚುಕ್ಕಿ ಸಪಾಟಾಗಿ ಹೋಗಿ ತಟ್ಟನೆ ಒಂದು ಚುಕ್ಕಿ ಇಳಿಯುತ್ತದೆ, ಮತ್ತೆ ಮೂರು ನಾಲ್ಕು ಸಪಾಟು, ಮತ್ತೆ ಇಳಿತ. ಕೆಟ್ಟದಾಗಿ ಕಾಣುವುದು ಇದೇ. ನಮ್ಮ ಅಕ್ಷರಗಳು ಪೂರ್ತಿ ದುಂಡು, ಹಾಗಾಗಿ ಈ ಕಾಟ ನಮಗೆ ಜಾಸ್ತಿ. ಗರಗಸದ ಹಲ್ಲು ಚೂಪು, ಒಂದೇ ಅಳತೆ. ಇಲ್ಲಿ ಚೂಪೂ ಇಲ್ಲ, ಅಳತೆಯೂ ಒಂದಲ್ಲ.

ಇದಕ್ಕೆ ನಮ್ಮ ಕಡೆ ಹೆಸರು ಆಗಲೇ ಇದೆ. ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವವರನ್ನು ಕೇಳಿ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಅದರಲ್ಲಿ ಮುರಗಿ ಅಂದರೆ ಅಡ್ಡ ಹೋಗಿ, ಮೇಲಕ್ಕೆ ಹೋಗಿ, ಮತ್ತೆ ಅಡ್ಡ ಹೋಗಿ ಮೆಟ್ಟಿಲಾಗಿ ಸಾಗುವ ಹೊಲಿಗೆ. ಪೆನ್ಸಿಲ್ಲಿನಿಂದ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ. ಎಳೆ ಎಣಿಸಿ ಹಾಕಿದರೆ ನಿಜವಾದ ದುಂಡು ಬರುವುದೇ ಇಲ್ಲ, ಚುಕ್ಕಿ ಎಣಿಸಿ ಹಾಕಿದರೂ ಅಷ್ಟೇ. ಕಾರಣವೂ ಒಂದೇ, ಕಾಣುವುದೂ ಒಂದೇ, ಹೆಸರು ಮಾತ್ರ ಯಾಕೆ ಬೇರೆ? ನನ್ನ ಪ್ರಕಾರ ಇದು "ಮುರಿ" ಧಾತುವಿನದು. ಮುರಿ ಅಂದರೆ ತುಂಡು ಮಾಡುವುದು ಅಷ್ಟೇ ಅಲ್ಲ, ಬಾಗುವುದು, ತಿರುಗುವುದು ಕೂಡ. ಹಿಂದಿಯ "ಮುರ್ಗಿ" ಎಂಬ ಕೋಳಿಗೆ ಗಂಟು ಹಾಕಿದವರು ದಯವಿಟ್ಟು ಅಲ್ಲಿಗೇ ಬಿಡಿ.

"ಬೆಂಗಳೂರಿನವರಿಗೆ ಮುರಗಿ ತಿಳಿಯುವುದಿಲ್ಲ" ಎಂಬ ಆಕ್ಷೇಪ ನನಗೆ ಸಿಟ್ಟು ತರಿಸುತ್ತದೆ. ಆ ಕಡೆಯ ಪದಗಳನ್ನು ಪಠ್ಯಪುಸ್ತಕದಲ್ಲಿ ಓದಿ ನಾವು ಕಲಿತಿಲ್ಲವಾ? ನಮ್ಮದನ್ನು ಒಂದು ಅವರು ಕಲಿಯಲಿ.

ಇಲ್ಲಿ ಉತ್ತರಿಸಿದ ಮಾಸ್ತರರೊಬ್ಬರು ಬಟನ್‌ಗೆ "ಸಾಪು ಮಾಡು" ಬೇಡ, ಅದು ಮರಾಠಿ ಪ್ರಭಾವ ಅಂದರು. ಬೇಡ ಅನ್ನುವುದನ್ನು ಒಪ್ಪುತ್ತೇನೆ, ಕಾರಣವನ್ನು ಒಪ್ಪುವುದಿಲ್ಲ. ಸಾಪು ಆದ ಆ ಸಾಫ್ ಮೂಲದಲ್ಲಿ ಅರಬ್ಬಿ, ಪಾರಸಿ ಹಾಯ್ದು ಬಂತು, ಮರಾಠಿಯವರೂ ನಮ್ಮ ಹಾಗೆ ತಗೊಂಡವರೇ. ಆದಿಲ್‌ಶಾಹಿಗಳು 1490ರಿಂದ 1686ರ ತನಕ ಆಳಿದ ವಿಜಯಪುರದ ಸುತ್ತ ಕೂತು ಇಂಥ ಪದಗಳನ್ನೆಲ್ಲ ಹೊರಗೆ ಹಾಕುತ್ತ ಹೋದರೆ ಕಾಗದ, ರುಮಾಲು, ಜಮೀನು ಎಲ್ಲ ಹೋಗಬೇಕು. ನನ್ನ ತಕರಾರು ಬೇರೆ. ಸಾಪು ಅಂದರೆ ಕಸ ತೆಗೆದು ಚೊಕ್ಕ ಮಾಡುವುದು, ಸ್ಕ್ಯಾನಿನಲ್ಲಿ ಧೂಳಿನ ಚುಕ್ಕಿ ತೆಗೆಯುವ ಬಟನ್ ಬೇರೆಯೇ ಇರುತ್ತದೆ. ಆ ಪದ ಅಲ್ಲಿಗೆ ಬೇಕು.

"ತಿದ್ದು" ಯಾಕೆ ಅಂದರೆ, ಮಕ್ಕಳು ಪಾಟಿಯ ಮೇಲೆ ಅಕ್ಷರ ತಿದ್ದುತ್ತಾರೆ, ಹುಬ್ಬು ತಿದ್ದುತ್ತಾರೆ, ತಪ್ಪನ್ನೂ ತಿದ್ದುತ್ತಾರೆ. ಗೆರೆ ಇದ್ದಲ್ಲೇ ಇದ್ದು ಅಂಚು ಮಾತ್ರ ಸರಿಯಾಗುವುದು ಈ ಪದದಲ್ಲಿದೆ. 1990ರಲ್ಲಿ ಎಚ್‌ಪಿಯ ಲೇಸರ್‌ಜೆಟ್ 3 ಪ್ರಿಂಟರ್ 300 ಡಿಪಿಐನಲ್ಲೇ ಅಂಚಿನ ಚುಕ್ಕಿಗಳನ್ನು ಚಿಕ್ಕದು ದೊಡ್ಡದು ಮಾಡಿ ಅಚ್ಚು ಚೆಂದ ಮಾಡಿತು, ಅದೂ ತಿದ್ದುವುದೇ. ಇನ್ನೊಂದು, ತಿದ್ದುವವರ ಕೈ ತಪ್ಪಬಹುದು ಎಂಬ ಎಚ್ಚರವೂ ಈ ಪದದಲ್ಲಿದೆ, "ನಯ"ದಲ್ಲಿ ಅದಿಲ್ಲ. ಅಂಚು ತಿದ್ದುವ ಸಾಮಾನ್ಯ ಫಿಲ್ಟರ್ ಒಂದು ಚುಕ್ಕಿ ಮತ್ತು ಅದರ ಸುತ್ತಲಿನ ಎಂಟು, ಒಟ್ಟು ಒಂಬತ್ತನ್ನು ಎಣಿಸಿ ಯಾವುದು ಹೆಚ್ಚೋ ಆ ಬಣ್ಣ ಇಡುತ್ತದೆ. ಗೆರೆ ಒಂದೇ ಚುಕ್ಕಿ ಅಗಲ ಇದ್ದರೆ ಒಂಬತ್ತರಲ್ಲಿ ಕಪ್ಪು ಮೂರು, ಬಿಳಿ ಆರು. ಗೆರೆಯೇ ಮಾಯ. ಸಣ್ಣ ಅಕ್ಷರದಲ್ಲಿ ಹೊಟ್ಟೆ ಸೀಳಿದ "ಧ"ದ ಸೀಳು ಹೀಗೇ ಹೋಗುತ್ತದೆ, "ಧನ" ಇದ್ದದ್ದು "ದನ" ಆಗುತ್ತದೆ. ಹಳೆಯ ಪುಸ್ತಕ ಸ್ಕ್ಯಾನ್ ಮಾಡುವವರಿಗೆ ಇದು ಸಣ್ಣ ಮಾತಲ್ಲ. ಸಾಧ್ಯವಾದರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, 300ಕ್ಕಿಂತ ನಾಲ್ಕು ಪಟ್ಟು ಚುಕ್ಕಿ ಸಿಗುತ್ತದೆ, ತಿದ್ದುವ ಕೆಲಸವೇ ಕಡಿಮೆ.

ಪಿಕ್ಸೆಲ್‌ಗೆ ಚುಕ್ಕಿಯೋ ಚಿತ್ರಕಣವೋ ಎಂಬುದನ್ನು ಬೇರೆ ದಿನ ಮಾತಾಡೋಣ. ಅಕ್ಕಾವ್ರೇ, ನಿಮ್ಮ ಹಾಳೆಗೆ ಇಷ್ಟು: "ಅಕ್ಷರದ ಅಂಚಿನಲ್ಲಿ ಮುರಗಿ ಕಂಡರೆ 'ಅಂಚು ತಿದ್ದು' ಒತ್ತಿ. ತಿದ್ದಿದ ಮೇಲೆ ಧ, ಢ, ಭ, ಫ ಅಕ್ಷರಗಳ ಸೀಳು ಉಳಿದಿದೆಯೇ ನೋಡಿ. ಹೋಗಿದ್ದರೆ ಹಿಂದಕ್ಕೆ ಬಂದು ಹೆಚ್ಚಿನ ಡಿಪಿಐನಲ್ಲಿ ಮತ್ತೆ ಸ್ಕ್ಯಾನ್ ಮಾಡಿ."