ಬಟನ್ ಸೆಲ್‌ನಲ್ಲಿ ಇಡೀ ಮಳೆಗಾಲ ಸಮಯ ತಪ್ಪದೆ ಓಡಬೇಕು: ಸಮಯದ ಮಿಡಿತ ಕೊಡಲು ಯಾವ ಆಸಿಲೇಟರ್ ಹಾಕಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆ ನಮ್ಮ ಕಾಫಿ ತೋಟಕ್ಕೆ ಮಳೆಮಾಪಕ ಮಾಡುತ್ತಿದ್ದೇನೆ. ಒಳಗಿನ ಚಿಕ್ಕ ಬಟ್ಟಲು ತುಂಬಿ ಮಗುಚಿದಾಗಲೆಲ್ಲ ರೀಡ್ ಸ್ವಿಚ್ (ಆಯಸ್ಕಾಂತ ಹತ್ತಿರ ಬಂದರೆ ಮುಚ್ಚುವ ಸ್ವಿಚ್) ಒಂದು ಪಲ್ಸ್ ಕೊಡುತ್ತದೆ. ಒಂದು ಪಲ್ಸ್ ಅಂದರೆ 0.2 ಮಿ.ಮೀ. ಮಳೆ. ಅದು ಬಂದ ಹೊತ್ತನ್ನು ಮೆಮೊರಿಗೆ ಬರೆಯಬೇಕು. ಹವಾಮಾನ ಇಲಾಖೆಯ ಮಳೆ ಲೆಕ್ಕ ಬೆಳಿಗ್ಗೆ 8.30ರಿಂದ ಮರುದಿನ 8.30ಕ್ಕೆ. ನಮ್ಮ ಲೆಕ್ಕವೂ ಅದಕ್ಕೆ ಹೊಂದಬೇಕು. ಒಂದೆರಡು ನಿಮಿಷ ಆಚೀಚೆ ಆದರೆ ಪರವಾಗಿಲ್ಲ.

ಬಳಸುತ್ತಿರುವುದು ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್, ಬೋರ್ಡ್ ಇಲ್ಲದ ಬರೀ ಚಿಪ್. ಒಂದು ಸಿಆರ್2032 ಬಟನ್ ಸೆಲ್. ಈಗ ಚಿಪ್‌ನೊಳಗಿನ ವಾಚ್‌ಡಾಗ್ ಟೈಮರ್ ಮಲಗಿದ ಚಿಪ್ಪನ್ನು 8 ಸೆಕೆಂಡಿಗೊಮ್ಮೆ ಎಬ್ಬಿಸುತ್ತದೆ, ನಾನು ಎಣಿಸುತ್ತೇನೆ. ಆದರೆ ಹಗಲಿಗೂ ರಾತ್ರಿಗೂ ಆ 8 ಸೆಕೆಂಡ್ ಒಂದೇ ತರ ಇರುವುದಿಲ್ಲ. 555 ಟೈಮರ್ ಚಿಪ್ ಹಾಕಲಾ, ಆರ್‌ಟಿಸಿ (ಗಡಿಯಾರದ) ಚಿಪ್ ಹಾಕಲಾ, ಅಥವಾ ಬರೀ ಕ್ವಾರ್ಟ್ಜ್ ಕ್ರಿಸ್ಟಲ್ ಸಾಕಾ?

ಉತ್ತರ 1

555 ಬೇಡ ಸರ್. ಹಳೆಯ ಎನ್‌ಇ555ಗೆ ಕನಿಷ್ಠ 4.5 ವೋಲ್ಟ್ ಬೇಕು, ಸುಮ್ನೆ ಕೂತರೂ 3 ಮಿಲಿಆಂಪ್ ಆಸುಪಾಸು ಎಳೆಯುತ್ತದೆ. ಕಡಿಮೆ ಕರೆಂಟಿನ ಸಿಮಾಸ್ 555 ಕೂಡ 100 ಮೈಕ್ರೋಆಂಪ್ ಹತ್ತಿರ. ಸಿಆರ್2032 ಸುಮಾರು 220 ಮಿಲಿಆಂಪ್-ಅವರ್, ಮೂರು ತಿಂಗಳಿಗೆ ಖಾಲಿ. ಡಿಎಸ್3231 ಆರ್‌ಟಿಸಿ ಚಿಪ್ ಹಾಕಿ. 0ರಿಂದ 40 ಡಿಗ್ರಿವರೆಗೆ ತಪ್ಪು ±2 ಪಿಪಿಎಂ (ಹತ್ತು ಲಕ್ಷಕ್ಕೆ ಎರಡು) ಅಷ್ಟೇ. ಸೆಲ್ಲನ್ನು ಅದರ ಬ್ಯಾಟರಿ ಪಿನ್‌ಗೇ ಕೊಟ್ಟರೆ ಸರಾಸರಿ 1 ಮೈಕ್ರೋಆಂಪ್ ಆಸುಪಾಸಿನಲ್ಲಿ ಓಡುತ್ತದೆ.

ಉತ್ತರ 2

ಡಿಎಸ್3231 ಒಳ್ಳೆಯ ಚಿಪ್, ಅನುಮಾನವಿಲ್ಲ. ಆದರೆ ನಿಮಗೆ ನಿಮಿಷದ ಲೆಕ್ಕ ಸಾಕು ಅಂದಿರಿ, ಅಲ್ವಾ? ಹಾಗಾದರೆ 32.768 ಕಿಲೋಹರ್ಟ್ಸ್ ಕ್ರಿಸ್ಟಲ್ ಒಂದೇ ಸಾಕು. ನಾನು ನೀರಿನ ಮೀಟರ್‌ಗಳಿಗೆ ಬೋರ್ಡ್ ಮಾಡುವವಳು. ಅಲ್ಲೂ ಇದೇ ಕಥೆ: ಒಂದು ಸೆಲ್, ವರ್ಷಗಟ್ಟಲೆ ಓಟ.

ಮೊದಲು ಲೆಕ್ಕ ನೋಡಿ. ಈ ಚಿಪ್ 3 ವೋಲ್ಟ್‌ನಲ್ಲಿ ವಾಚ್‌ಡಾಗ್ ಇಟ್ಟುಕೊಂಡು ಮಲಗಿದರೆ ಸುಮಾರು 4.2 ಮೈಕ್ರೋಆಂಪ್. ಪವರ್-ಸೇವ್ ಎಂಬ ನಿದ್ದೆಯಲ್ಲಿ ಚಿಪ್‌ನೊಳಗಿನ ಟೈಮರ್2 ಕ್ರಿಸ್ಟಲ್ ಮೇಲೆ ಓಡಿದರೆ 0.9. ಸಮಯವೂ ಸರಿಯಾಗುತ್ತದೆ, ಕರೆಂಟೂ ಕಡಿಮೆ. ಕ್ರಿಸ್ಟಲ್ ಕೂರುವುದು ಚಿಪ್‌ನ ಮಾಮೂಲಿ ಕ್ಲಾಕ್ ಪಿನ್‌ಗಳ ಮೇಲೆಯೇ. ಹಾಗಾಗಿ ಚಿಪ್ಪು ಒಳಗಿನ 8 ಮೆಗಾಹರ್ಟ್ಸ್ ಆರ್‌ಸಿ (ರೆಸಿಸ್ಟರ್-ಕೆಪಾಸಿಟರ್) ಆಸಿಲೇಟರ್ ಮೇಲೆ ಕೆಲಸ ಮಾಡಬೇಕು. ಕ್ರಿಸ್ಟಲ್‌ನ ಮಿಡಿತವನ್ನು 1024ರಿಂದ ಭಾಗಿಸಿದರೆ ಸೆಕೆಂಡಿಗೆ 32 ಎಣಿಕೆ, ಟೈಮರ್‌ನ 256 ಎಣಿಕೆ ತುಂಬಲು ಸರಿಯಾಗಿ 8 ಸೆಕೆಂಡ್. ಎದ್ದಾಗ 1 ಮಿಲಿಸೆಕೆಂಡ್, 4 ಮಿಲಿಆಂಪ್ ಅಂದುಕೊಂಡರೆ ಸರಾಸರಿಗೆ ಸೇರುವುದು ಅರ್ಧ ಮೈಕ್ರೋಆಂಪ್ ಅಷ್ಟೇ.

ಈಗ ಮುಖ್ಯ ವಿಷಯ. ಕ್ರಿಸ್ಟಲ್ ಕೊಳ್ಳುವಾಗ ಎಲ್ಲರೂ ಪಿಪಿಎಂ ನೋಡುತ್ತಾರೆ. ನೀವು ಲೋಡ್ ಕೆಪಾಸಿಟನ್ಸ್ (ಸರಿಯಾದ ವೇಗಕ್ಕೆ ಕ್ರಿಸ್ಟಲ್ ಕೇಳುವ ಕೆಪಾಸಿಟನ್ಸ್) ಮತ್ತು ಇಎಸ್‌ಆರ್ (ಕ್ರಿಸ್ಟಲ್‌ನ ಒಳಗಿನ ರೆಸಿಸ್ಟನ್ಸ್) ನೋಡಿ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಸಿಲಿಂಡರ್ ಕ್ರಿಸ್ಟಲ್ ಹೆಚ್ಚಾಗಿ 12.5 ಪಿಕೋಫ್ಯಾರಡ್‌ನದು. ಅದಕ್ಕೆ ಈ ಚಿಪ್‌ನ ಡೇಟಾಶೀಟ್ ಒಪ್ಪುವ ಇಎಸ್‌ಆರ್ 30 ಕಿಲೋಓಮ್‌ವರೆಗೆ ಮಾತ್ರ. ಎಷ್ಟೋ ಕ್ರಿಸ್ಟಲ್‌ಗಳು ಅದನ್ನು ದಾಟುತ್ತವೆ. ಅಂಥದ್ದು ಮೇಜಿನ ಮೇಲೆ ಓಡುತ್ತದೆ, ತೋಟದ ಚಳಿಯಲ್ಲಿ ಸೆಲ್ ಇಳಿದಾಗ ಶುರುವಾಗುವುದೇ ಇಲ್ಲ. 6.5 ಪಿಕೋಫ್ಯಾರಡ್‌ನದಾದರೆ 75 ಕಿಲೋಓಮ್‌ವರೆಗೆ ನಡೆಯುತ್ತದೆ. ಲೋಡ್ ಎಷ್ಟು ಪಟ್ಟು ಜಾಸ್ತಿಯೋ, ಆಸಿಲೇಟರ್ ಅದರ ವರ್ಗದಷ್ಟು ಜೋರಾಗಿ ತಳ್ಳಬೇಕು. ಕಡಿಮೆ ಕರೆಂಟಿನ ಗುಟ್ಟು ಕೋಡ್‌ನಲ್ಲಿ ಅಲ್ಲ, ಇಲ್ಲಿದೆ. ಬಿಡಿ ಕ್ರಿಸ್ಟಲ್ ಬೇಡ, ಡೇಟಾಶೀಟ್ ಇರುವುದನ್ನೇ ತರಿಸಿ.

ಹೊರಗಿನ ಕೆಪಾಸಿಟರ್‌ಗಳನ್ನು ಕಣ್ಣುಮುಚ್ಚಿ 22 ಪಿಕೋಫ್ಯಾರಡ್ ಹಾಕಬೇಡಿ. ಪಿನ್‌ಗಳ ಒಳಗೇ ಸ್ವಲ್ಪ ಕೆಪಾಸಿಟನ್ಸ್ ಇದೆ, ಬೋರ್ಡ್‌ನ ಗೆರೆಗಳದ್ದೂ ಸೇರುತ್ತದೆ. ಕಡಿಮೆ ಲೋಡಿನ ಕ್ರಿಸ್ಟಲ್‌ಗೆ ಹೊರಗೆ ಏನೂ ಬೇಡವಾಗಬಹುದು. ಕ್ರಿಸ್ಟಲ್ ಚಿಪ್‌ಗೆ ಅಂಟಿಕೊಂಡ ಹಾಗಿರಲಿ, ಕೆಳಗೆ ಬೇರೆ ಸಿಗ್ನಲ್ ಹಾಯಬಾರದು. ಮಲೆನಾಡಿನ ತೇವ ಇಲ್ಲಿ ನಿಜವಾದ ಶತ್ರು. ಈ ಪಿನ್‌ಗಳಲ್ಲಿ ಹರಿಯುವ ಕರೆಂಟ್ ಎಷ್ಟು ಸಣ್ಣದೆಂದರೆ, ಬೆಸುಗೆಯ ಫ್ಲಕ್ಸ್ ಉಳಿದು ಅದು ತೇವ ಹೀರಿದರೆ ಅಷ್ಟಕ್ಕೇ ಆಸಿಲೇಟರ್ ನಿಂತುಬಿಡಬಹುದು. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ತಿಕ್ಕಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ತೇವ ತಡೆಯುವ ಕೋಟಿಂಗ್ ಕೊಡಿ.

ಎಷ್ಟು ತಪ್ಪುತ್ತದೆ? ±20 ಪಿಪಿಎಂ ಅಂದರೆ ದಿನಕ್ಕೆ 1.7 ಸೆಕೆಂಡ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರೂವರೆ ನಿಮಿಷ; ಅದು ಜಾಸ್ತಿ ಅನಿಸಿದರೆ ಅಳೆದು ಕೋಡ್‌ನಲ್ಲಿ ಸರಿಪಡಿಸಬಹುದು. ಈ ಕ್ರಿಸ್ಟಲ್ 25 ಡಿಗ್ರಿಯ ಎರಡೂ ಕಡೆ ನಿಧಾನವಾಗುತ್ತದೆ. 15 ಡಿಗ್ರಿಯಲ್ಲಿ 3.4 ಪಿಪಿಎಂ, ಏನೂ ಅಲ್ಲ. ಬಿಸಿಲಿಗೆ ಡಬ್ಬಿ ಒಳಗೆ 55 ಡಿಗ್ರಿ ಮುಟ್ಟಿದರೆ 30 ಪಿಪಿಎಂ ದಾಟುತ್ತದೆ. ಬಿಳಿ ಡಬ್ಬಿ ಹಾಕಿ.

ಇನ್ನೆರಡು ಮಾತು. ಬಟ್ಟಲು ನಡುವೆ ನಿಂತು ರೀಡ್ ಸ್ವಿಚ್ ಮುಚ್ಚಿಕೊಂಡೇ ಉಳಿದರೆ ಚಿಪ್‌ನ ಒಳಗಿನ ಪುಲ್‌ಅಪ್ (ಪಿನ್ನನ್ನು ಸೆಲ್‌ನ ವೋಲ್ಟೇಜಿಗೆ ಎಳೆದಿಡುವ ರೆಸಿಸ್ಟರ್) 60 ಮೈಕ್ರೋಆಂಪ್‌ಗೂ ಜಾಸ್ತಿ ಸುರಿಯುತ್ತದೆ. ಇಷ್ಟು ಉಳಿಸಿದ್ದೆಲ್ಲ ಅಲ್ಲೇ ಹೋಯಿತು. ಅದರ ಬದಲು ಹೊರಗೆ 1 ಮೆಗಾಓಮ್ ಹಾಕಿ, ಆಗ 3 ಮೈಕ್ರೋಆಂಪ್. ಮಲಗುವಾಗ ಬ್ರೌನ್‌ಔಟ್ (ವೋಲ್ಟೇಜ್ ಇಳಿದರೆ ಚಿಪ್ಪನ್ನು ರೀಸೆಟ್ ಮಾಡುವ ಕಾವಲು) ಆಫ್ ಮಾಡಿ, ಅದೊಂದೇ ಸುಮಾರು 20 ಮೈಕ್ರೋಆಂಪ್.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಮೇಡಂ. ಕ್ರಿಸ್ಟಲ್ ಓಡುತ್ತಿದೆಯಾ ಅಂತ ಆಸಿಲೋಸ್ಕೋಪ್ ಹಿಡಿದು ನೋಡಬಹುದಾ? ಎದ್ದ ಕೂಡಲೇ ಮತ್ತೆ ಮಲಗಿಸಿದರೆ ತೊಂದರೆ ಇದೆಯಾ?

ಉತ್ತರ 2

ಕ್ರಿಸ್ಟಲ್ ಕಾಲಿಗೆ ಪ್ರೋಬ್ ಮುಟ್ಟಿಸಬೇಡಿ. 10ಎಕ್ಸ್ ಪ್ರೋಬ್ ಕೂಡ 10 ಪಿಕೋಫ್ಯಾರಡ್ ಆಸುಪಾಸು ಸೇರಿಸುತ್ತದೆ. ಆಸಿಲೇಟರ್ ನಿಲ್ಲುತ್ತದೆ, ಇಲ್ಲವೇ ಬೇರೆ ವೇಗ ತೋರಿಸುತ್ತದೆ. ಪರೀಕ್ಷೆಗೆ ಮಾತ್ರ 128ರಿಂದ ಭಾಗಿಸಿ ಸೆಕೆಂಡಿಗೊಮ್ಮೆ ಟೈಮರ್ ತುಂಬುವ ಹಾಗೆ ಮಾಡಿ, ಬೇರೊಂದು ಪಿನ್ ಆಡಿಸಿ. ಅದನ್ನು ಜಿಪಿಎಸ್ ಮಾಡ್ಯೂಲ್‌ನ ಸೆಕೆಂಡ್ ಪಲ್ಸ್ ಜೊತೆ ಒಂದಿಡೀ ದಿನ ಹೋಲಿಸಿ.

ತೊಂದರೆ ಖಂಡಿತ ಇದೆ. ಎದ್ದ ಮೇಲೆ ಕ್ರಿಸ್ಟಲ್‌ನ ಒಂದು ಸುತ್ತಾದರೂ ಕಳೆಯದೆ ಮಲಗಿಸಿದರೆ ಮುಂದಿನ ಇಂಟರಪ್ಟ್ (ಚಿಪ್ಪನ್ನು ಎಬ್ಬಿಸುವ ಸಂಕೇತ) ಬರುವುದೇ ಇಲ್ಲ. ಟೈಮರ್2ರ ಒಂದು ರಿಜಿಸ್ಟರ್‌ಗೆ ಇದ್ದ ಬೆಲೆಯನ್ನೇ ಮತ್ತೆ ಬರೆದು, ಎಎಸ್‌ಎಸ್‌ಆರ್ ಎಂಬ ಸ್ಥಿತಿ ರಿಜಿಸ್ಟರ್‌ನಲ್ಲಿ ಅದರ ಬಿಝಿ ಬಿಟ್ ಇಳಿಯುವವರೆಗೆ ಕಾದು ಮಲಗಿಸಿ. ಸೆಲ್ ಹಾಕಿದ ತಕ್ಷಣವೂ ಕನಿಷ್ಠ ಒಂದು ಸೆಕೆಂಡ್ ಬಿಡಿ, ಕ್ರಿಸ್ಟಲ್ ನೆಲೆಗೊಳ್ಳಲು ಅಷ್ಟು ಹೊತ್ತು ಬೇಕು.

ಹೋಲಿಕೆಯಲ್ಲಿ ಬಂದ ವ್ಯತ್ಯಾಸವನ್ನು ಕೋಡ್‌ಗೆ ಹಾಕಿಬಿಡಿ. 12 ಪಿಪಿಎಂ ನಿಧಾನ ಅಂತ ಬಂದರೆ 83,333 ಸೆಕೆಂಡಿಗೊಮ್ಮೆ ಒಂದು ಸೆಕೆಂಡ್ ಸೇರಿಸಿದರೆ ಆಯಿತು.