ಗಣಿ ಕಂಪನಿಗೆ ಅಬೊರಿಜಿನಲ್ ಜನ ‘ಬೇಡ’ ಅನ್ನುವ ಹಾಗಿಲ್ವಾ?

ಪರ್ತ್ ಹೊಸಬ: ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಪ್ರದೇಶದ ಕಬ್ಬಿಣದ ಅದಿರಿನ ಗಣಿಯಲ್ಲಿ ನನಗೊಂದು ಕೆಲಸ ಸಿಗುವ ಹಾಗಿದೆ. ಅಲ್ಲಿನ ಜೂಕನ್ ಕಮರಿಯ ಗುಹೆಗಳನ್ನು ಗಣಿಗಾಗಿ ಸಿಡಿಸಿದ ಸುದ್ದಿ ಓದಿ ಮನಸ್ಸು ತುಂಬಾ ಕೆಟ್ಟಿತು. ನೆಲದ ಹಕ್ಕು ಇದ್ದ ಅಬೊರಿಜಿನಲ್ ಜನರ, ಅಂದರೆ ಮೂಲನಿವಾಸಿಗಳ ಕಣ್ಣೆದುರೇ ಅದು ಹೇಗೆ ನಡೆಯಿತು? ಬೇಡ ಎಂದಿದ್ದರೆ ನಿಲ್ಲುತ್ತಿರಲಿಲ್ವಾ?

ಕೆಂಪುಮಣ್ಣು: ಬೇಡ ಎಂದರು ಸರ್. ಕೇಳಲೇಬೇಕೆಂಬ ಕಾನೂನು ಇರಲಿಲ್ಲ.

ಮೂಲನಿವಾಸಿಗಳಿಗೆ ನೆಲದ ಹಕ್ಕಿದೆ ಎಂದ 1992ರ ಮಾಬೊ ತೀರ್ಪಿನ ಮರುವರ್ಷ ಬಂದ ಕಾಯ್ದೆ ಕೊಟ್ಟಿದ್ದು ಮಾತುಕತೆಗೆ ಕೂರುವ ಹಕ್ಕು ಮಾತ್ರ. ಆರು ತಿಂಗಳಲ್ಲಿ ಒಪ್ಪಂದ ಆಗದಿದ್ದರೆ ಕಂಪನಿ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ಗಣಿ ಬೇಡ ಎಂಬ ತೀರ್ಪು ಬರುವುದು ತೀರಾ ಅಪರೂಪ. ಇದು ಇಬ್ಬರಿಗೂ ಗೊತ್ತಿದ್ದೇ ಮಾತು ಶುರುವಾಗುತ್ತದೆ. ಇದನ್ನು ನ್ಯಾಯವಾದ ವ್ಯವಹಾರ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಜೂಕನ್‌ನಲ್ಲಿ ಆ ನೆಲದ ಪಿಕೆಕೆಪಿ (ಪೂಟು ಕುಂಟಿ ಕುರ್ರಮ ಮತ್ತು ಪಿನಿಕುರ) ಜನರ ಜೊತೆ ಗಣಿ ಕಂಪನಿ ರಿಯೋ ಟಿಂಟೊ ಮಾಡಿಕೊಂಡ ಒಪ್ಪಂದ ಇತ್ತು, 2013ರ ಸರ್ಕಾರಿ ಅನುಮತಿಯೂ ಇತ್ತು. ಮರುವರ್ಷ ಅಲ್ಲಿ ಅಗೆದಾಗ ಹೆಣೆದ ಕೂದಲಿನ ತುಂಡು ಸಿಕ್ಕಿತು. ಸುಮಾರು 4,000 ವರ್ಷ ಹಳೆಯದು. ಡಿಎನ್‌ಎ ನೋಡಿದರೆ ಅದು ಈಗಿನ ಪಿಕೆಕೆಪಿ ಜನರ ಹಿರಿಯರದ್ದೇ! 46,000 ವರ್ಷಗಳಿಂದ ಮನುಷ್ಯರು ಬಳಸಿದ ಜಾಗ ಅದು. ಇಷ್ಟು ತಿಳಿದರೂ 1972ರ ಪಾರಂಪರಿಕ ಕಾಯ್ದೆಯಲ್ಲಿ, ಕೊಟ್ಟ ಅನುಮತಿಯ ಮೇಲೆ ಮೇಲ್ಮನವಿ ಹಾಕಲು ಆ ಜನಕ್ಕೆ ದಾರಿ ಇರಲಿಲ್ಲ. 2020ರ ಮೇ ತಿಂಗಳಲ್ಲಿ, ಜುಲೈಗೆ ಅಲ್ಲಿಗೆ ಹೋಗಿಬರುತ್ತೇವೆ ಎಂದು ಕೇಳಿದಾಗಲೇ ಅವರಿಗೆ ಸಿಡಿಸುವ ವಿಷಯ ಗೊತ್ತಾಗಿದ್ದು. ಅಷ್ಟರಲ್ಲಿ ಕುಳಿಗಳಿಗೆ ಮದ್ದು ತುಂಬಿತ್ತು. ಅದನ್ನು ಹೊರತೆಗೆಯುವುದು ಅಪಾಯ ಎಂದು ರಿಯೋ ಟಿಂಟೊ ಸಿಡಿಸಿಯೇ ಬಿಟ್ಟಿತು.

ಡಾರ್ವಿನ್ ಅಕ್ಕ: ನಾರ್ದರ್ನ್ ಟೆರಿಟರಿ ಕಥೆ ಸ್ವಲ್ಪ ಬೇರೆ. ಅಲ್ಲಿ 1976ರ ನೆಲದ ಹಕ್ಕಿನ ಕಾಯ್ದೆಯಡಿ ಅಬೊರಿಜಿನಲ್ ಜನರಿಗೆ ಸಿಕ್ಕ ನೆಲದಲ್ಲಿ ಅವರು ಅದಿರು ಹುಡುಕುವ ಹಂತದಲ್ಲೇ ಬೇಡ ಎನ್ನಬಹುದು. ಆಮೇಲೆ ಸಾಮಾನ್ಯವಾಗಿ ಐದು ವರ್ಷ ಆ ಅರ್ಜಿ ಮತ್ತೆ ಎತ್ತುವ ಹಾಗಿಲ್ಲ. ಜಬಿಲುಕಾ ಯುರೇನಿಯಂ ಗಣಿಗೆ 1998ರಲ್ಲಿ ಆ ನೆಲದ ಮಿರಾರ್ ಜನ ದಾರಿಗೆ ಅಡ್ಡ ಕೂತರು. ತಮ್ಮ ಒಪ್ಪಿಗೆ ಇಲ್ಲದೆ ಗಣಿ ತೆಗೆಯುವುದಿಲ್ಲ ಎಂದು 2005ರಲ್ಲಿ ಕಂಪನಿಯಿಂದ ಬರೆಸಿಕೊಂಡರು. ಬೇಡ ಎನ್ನುವ ಬಲ ಇದ್ದರೆ ಮಾತ್ರ ಬೇಕು ಎನ್ನುವುದಕ್ಕೂ ಬೆಲೆ, ಅಲ್ವಾ?

ಪರ್ತ್ ಹೊಸಬ: ಥ್ಯಾಂಕ್ಸ್ ಅಕ್ಕ. ಹಾಗಾದರೆ ಈ ಕೆಲಸ ಬೇಡ ಅಂತೀರಾ?

ಕೆಂಪುಮಣ್ಣು: ಅದು ನಿಮಗೆ ಬಿಟ್ಟದ್ದು. ಆದರೆ ಸುಮ್ನೆ ಸಹಿ ಹಾಕಬೇಡಿ. ಗಣಿ ಯಾರ ನೆಲದಲ್ಲಿದೆ, ಅವರ ಜೊತೆ ಒಪ್ಪಂದ ಆಗಿದೆಯಾ ಎಂದು ಇಂಟರ್‌ವ್ಯೂನಲ್ಲೇ ಕೇಳಿ. ಕಂಪನಿ ವಿರುದ್ಧ ಅವರು ಹೊರಗೆ ಮಾತಾಡಬಾರದು ಎಂಬ ಷರತ್ತು ಇದೆಯಾ ಎಂದೂ ಕೇಳಿ. ಪಿಕೆಕೆಪಿ ಜನರ ಬಾಯಿ ಕಟ್ಟಿದ್ದು ಅಂಥ ಷರತ್ತೇ.