ಮದುವೆ ವಿಡಿಯೋ ಬ್ಯಾಕಪ್‌ಗೆ ಸೆಕೆಂಡ್ ಹ್ಯಾಂಡ್ ಟೇಪ್ ಡ್ರೈವ್: ಎಲ್‌ಟಿಒ-5 ಸಾಕಾ, 6 ಬೇಕಾ?

ಸಾಗರದ ಸ್ಟುಡಿಯೋ:
ನಮಸ್ಕಾರ. ಹದಿನಾರು ವರ್ಷದಿಂದ ಮದುವೆ, ಉಪನಯನ, ಗೃಹಪ್ರವೇಶದ ವಿಡಿಯೋ ಮಾಡುತ್ತಿದ್ದೇನೆ. 14 ಟಿಬಿ ಆಗಿದೆ. ಎಲ್ಲವೂ ಬೀರುವಿನಲ್ಲಿರುವ ಯುಎಸ್‌ಬಿ ಡಿಸ್ಕ್‌ಗಳಲ್ಲಿ. ಕಳೆದ ಮಳೆಗಾಲದಲ್ಲಿ ಒಂದು ಡಿಸ್ಕ್ ಟಿಕ್ ಟಿಕ್ ಅಂದಿತು, ಮೂರು ಮದುವೆ ಹೋದವು. ಅದರಲ್ಲಿ ಒಂದು ನನ್ನ ತಂಗಿಯದು. ಬೇರೆಯವರದ್ದಾದರೆ ಒಂದು ಸಲ ಬೈಸಿಕೊಂಡರೆ ಮುಗಿಯುತ್ತದೆ, ಇದು ಪ್ರತಿ ಹಬ್ಬಕ್ಕೂ ಬರುತ್ತದೆ.

ಕಂಪ್ಯೂಟರ್ ಡೇಟಾ ಇಡುವ ಎಲ್‌ಟಿಒ ಟೇಪ್‌ಗೆ ಹೋಗೋಣ ಅಂತ. 5, 6 ಅನ್ನುವುದು ಅದರ ತಲೆಮಾರು. ಹೊಸ ಡ್ರೈವ್ ನನ್ನ ಕೈಗೆಟುಕುವುದಿಲ್ಲ, 40 ಸಾವಿರ ಹಾಕಬಲ್ಲೆ. ಎಲ್‌ಟಿಒ-6 ಟೇಪ್ ಮೇಲೆ 6.25 ಟಿಬಿ ಅಂತ ಇದೆ. ಹಾಗಾದರೆ ಮೂರೇ ಟೇಪ್ ಸಾಕು ಅಲ್ವಾ? ಇನ್ನೊಂದು ಡ್ರೈವ್ ತುಂಬಾ ಅಗ್ಗಕ್ಕಿದೆ, ಫೈಬರ್ ಚಾನೆಲ್ ಅಂತೆ. ತಗೊಳ್ಳಲಾ?

ಮೈಸೂರು ಹಳೇ ಸರ್ವರ್:
ಬೇಡ ಸಾರ್, ಅದು ಅಗ್ಗ ಇರುವುದೇ ಅದಕ್ಕೆ. ಫೈಬರ್ ಚಾನೆಲ್ ಡೇಟಾ ಸೆಂಟರ್‌ಗಳಲ್ಲಿ ಬಳಸುವ ಕನೆಕ್ಷನ್, ಬೇರೆ ಕಾರ್ಡ್, ಬೇರೆ ಕೇಬಲ್ ಹುಡುಕಬೇಕು. ಎಸ್‌ಎಎಸ್ (ಸರ್ವರ್ ಡಿಸ್ಕ್‌ಗಳಿಗೆ ಬಳಸುವ ಕನೆಕ್ಷನ್) ಡ್ರೈವ್ ನೋಡಿ. ಕಾರ್ಡ್ ತಗೊಳ್ಳುವಾಗ ಎಚ್‌ಬಿಎ ಅಂತಲೇ ಕೇಳಿ, ಅದು ಡ್ರೈವನ್ನು ಕಂಪ್ಯೂಟರ್‌ಗೆ ನೇರವಾಗಿ ಜೋಡಿಸುತ್ತದೆ. ನಾನು ಸುಮ್ನೆ ಮನೆಯಲ್ಲಿದ್ದ ರೇಡ್ ಕಾರ್ಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಕೂಡಿಸುವ ಕಾರ್ಡ್) ಹಾಕಿದೆ. ಎರಡು ಭಾನುವಾರ ಕಳೆದರೂ ಡ್ರೈವ್ ಕಾಣಿಸಲಿಲ್ಲ.

6.25 ಅನ್ನುವುದು ಕಂಪ್ರೆಸ್ ಮಾಡಿದ ಲೆಕ್ಕ. ವಿಡಿಯೋ ಮೊದಲೇ ಕಂಪ್ರೆಸ್ ಆಗಿರುತ್ತದೆ, ಇನ್ನು ಕುಗ್ಗುವುದಿಲ್ಲ. ನಿಮಗೆ ಸಿಗುವುದು 2.5 ಟಿಬಿ. ಅಂದರೆ ಆರು ಟೇಪ್. ಎಲ್‌ಟಿಒ-5 ಆದರೆ ತಲಾ 1.5, ಹತ್ತು ಟೇಪ್ ಬೇಕು. ಎಲ್‌ಟಿಒ-4 ಕಡೆ ನೋಡಲೇ ಬೇಡಿ. ಟೇಪನ್ನು ಪೆನ್ ಡ್ರೈವ್ ಥರ ಫೋಲ್ಡರ್ ಆಗಿ ತೆರೆಯುವ ಎಲ್‌ಟಿಎಫ್‌ಎಸ್ 5ರಿಂದಲೇ ಶುರು. ನನ್ನ ಓಟು 6ಕ್ಕೆ. ಅದು 5ರ ಟೇಪಿಗೂ ಬರೆಯುತ್ತದೆ, 4ನ್ನೂ ಓದುತ್ತದೆ.

ಟೇಪ್ ಲೈಬ್ರರಿಯಿಂದ, ಅಂದರೆ ತಾನೇ ಟೇಪ್ ಬದಲಿಸುವ ದೊಡ್ಡ ಯಂತ್ರದಿಂದ, ಬಿಚ್ಚಿದ ಡ್ರೈವನ್ನೂ ಮಾರುತ್ತಾರೆ. ಮುಂದೆ ಮುಚ್ಚಳ, ಬಟನ್ ಇಲ್ಲದಿದ್ದರೆ ಬಿಟ್ಟುಬಿಡಿ.

ಹುಬ್ಬಳ್ಳಿ ಬ್ಯಾಕಪ್:
ದುಡ್ಡು ಕೊಡುವ ಮುಂಚೆ ಮಾರುವವರ ಮುಂದೆಯೇ ಒಂದು ಟೇಪ್ ಪೂರ್ತಿ ಬರೆಸಿ, ವಾಪಸ್ ಓದಿಸಿ. ಸೆಕೆಂಡಿಗೆ 160 ಎಂಬಿ ಲೆಕ್ಕದಲ್ಲಿ ಬರೆಯುವುದಕ್ಕೇ ನಾಲ್ಕು ಗಂಟೆ ದಾಟುತ್ತದೆ. ಚಹಾ ಕುಡಿಯುತ್ತ ಕೂತಿರಿ. ಲೈಟ್ ಉರಿಯಿತು ಅಂತ ತಂದ ಡ್ರೈವ್ ನನ್ನ ಮೇಜಿನ ಕೆಳಗೆ ಬಿದ್ದಿದೆ.

ಹಳೇ ಯುಎಸ್‌ಬಿ ಡಿಸ್ಕಿನಿಂದ ನೇರವಾಗಿ ಬರೆಯಬೇಡಿ. ಡೇಟಾ ನಿಧಾನಕ್ಕೆ ಬಂದರೆ ಟೇಪ್ ನಿಲ್ಲುತ್ತದೆ, ಹಿಂದೆ ಹೋಗುತ್ತದೆ, ಮತ್ತೆ ಓಡುತ್ತದೆ. ಹೆಡ್ಡೂ ಸವೆಯುತ್ತದೆ, ಟೇಪೂ ಸವೆಯುತ್ತದೆ. ಮೊದಲು ಎಸ್‌ಎಸ್‌ಡಿಗೆ ಹಾಕಿಕೊಳ್ಳಿ. ಒಂದು ಕ್ಲೀನಿಂಗ್ ಟೇಪ್ ಇಟ್ಟುಕೊಳ್ಳಿ, ಆದರೆ ಡ್ರೈವ್ ಕೇಳಿದಾಗ ಮಾತ್ರ ಹಾಕಿ.

ಸಾಗರದ ಸ್ಟುಡಿಯೋ:
ಮೂರು ಅಂದುಕೊಂಡಿದ್ದು ಆರಾಯಿತು! ಇರಲಿ, 6ನ್ನೇ ಹುಡುಕುತ್ತೇನೆ. ಒಂದು ಅನುಮಾನ. ನನ್ನ ಹಳೇ ಮಿನಿ ಡಿವಿ ಕ್ಯಾಸೆಟ್‌ಗಳಿಗೆಲ್ಲ ಬೂಷ್ಟು ಹಿಡಿದಿದೆ. ಇದಕ್ಕೂ ಹಿಡಿಯಲ್ವಾ?

ಮೈಸೂರು ಹಳೇ ಸರ್ವರ್:
ತೇವ ಇದ್ದರೆ ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಟೇಪ್ ನಿಲ್ಲಿಸಿ ಇಡಿ. ಇನ್ನೊಂದು ಸೆಟ್ ಬರೆದು ಬೇರೆ ಊರಲ್ಲಿ ಇಡಿ.

ಸಾಗರದ ಸ್ಟುಡಿಯೋ:
ಹಾಗಾದರೆ ಹನ್ನೆರಡು ಟೇಪ್. ಎರಡನೇ ಸೆಟ್ ತಂಗಿ ಮನೆಗೇ ಹೋಗಲಿ. ಅಡಿಕೆ ಒಣಗಿಸುವ ಅಟ್ಟಕ್ಕೆ ಮಾತ್ರ ಹಾಕಬೇಡ ಅಂತ ಹೇಳಬೇಕು.